ಒಂದು ಲಾರಿ, ನಾಲ್ಕು ಟಾರ್ಚು

ನಡುರಾತ್ರಿ ರಸ್ತೆಯಂಚಿನಿಂದ ಟಾರ್ಚಿನ ಬೆಳಕು ಬಿದ್ದರೆ ಲಾರಿ ಚಾಲಕನ ಕೈ ಪ್ಲಾಸ್ಟಿಕ್ ಚೀಲದತ್ತ ಹೋಗುತ್ತದೆ. ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಸರಕಿನ ಬಿಲ್ಲು ಎಲ್ಲವೂ ಅದರಲ್ಲೇ. ಸರಕನ್ನೂ ನೋಡಬೇಕೆಂದರೆ ಕ್ಲೀನರ್ ಹುಡುಗ ಮೇಲೆ ಹತ್ತಿ, ಬಿಗಿದ ಹಗ್ಗ ಬಿಚ್ಚಿ, ಟಾರ್ಪಾಲು ಸರಿಸಬೇಕು. ನೋಡಿ ಮುಗಿದ ಮೇಲೆ ಕಾಲು ಕೊಟ್ಟು ಎಳೆದು ಮತ್ತೆ ಕಟ್ಟಬೇಕು. ಮಳೆ ಹಿಡಿದಿದ್ದರೆ ಅಷ್ಟರಲ್ಲಿ ಮೂಟೆಗಳು ನೆನೆದಿರುತ್ತವೆ.

ಮುಂದಿನ ಊರಿನಲ್ಲಿ ಇನ್ನೊಂದು ಟಾರ್ಚು.

ಪೊಲೀಸರು, ಆರ್‌ಟಿಒ, ವಾಣಿಜ್ಯ ತೆರಿಗೆ, ಅಬಕಾರಿ, ಗಣಿ ಇಲಾಖೆ: ಗಾಡಿ ತಡೆಯಲು ಇವರೆಲ್ಲರಿಗೂ ಅಧಿಕಾರವಿದೆ, ಕಾರಣವೂ ಇದೆ. ಬ್ರೇಕ್ ಸವೆದ, ಮಿತಿಮೀರಿ ಹೊರೆ ತುಂಬಿದ ಲಾರಿ ಘಾಟಿ ಇಳಿಯುವುದನ್ನು ಯಾರೂ ಬಯಸುವುದಿಲ್ಲ. ತಪಾಸಣೆ ಬೇಕೇ ಬೇಕು. ಆದರೆ ಒಬ್ಬರು ನೋಡಿದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ, ಆ ಬಿಡಿ ದುಡಿಮೆಯ ಭಾರವೆಲ್ಲ ಚಾಲಕನ ತಲೆಗೇ.

ಚುನಾವಣೆ ಬಂದಾಗ ಇದೇ ಇಲಾಖೆಗಳು ಕೈಜೋಡಿಸುತ್ತವೆ. ಚೆಕ್‌ಪೋಸ್ಟಿನಲ್ಲಿ ಮ್ಯಾಜಿಸ್ಟ್ರೇಟ್ ಅಧಿಕಾರದ ಅಧಿಕಾರಿ, ಪೊಲೀಸರು, ಪಕ್ಕದಲ್ಲೊಬ್ಬ ವಿಡಿಯೊ ಹಿಡಿಯುವವನು. ₹10 ಲಕ್ಷ ಮೀರಿದ ನಗದು ಸಿಕ್ಕರೆ ಆದಾಯ ತೆರಿಗೆ ಇಲಾಖೆಗೆ ಸುದ್ದಿ ಮುಟ್ಟಿಸಬೇಕು. 2018ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಜಪ್ತಿಯಾದ ನಗದು, ಮದ್ಯ, ಉಡುಗೊರೆಗಳ ಮೌಲ್ಯ ಸುಮಾರು ₹84 ಕೋಟಿ; 2023ರಲ್ಲಿ ಅದು ₹375 ಕೋಟಿಗೆ ಏರಿತು. ಎಲ್ಲವೂ ರಸ್ತೆಯಲ್ಲೇ ಸಿಕ್ಕಿದ್ದಲ್ಲ, ನಿಜ. ಆದರೂ ಹಲವು ಇಲಾಖೆಗಳು ಒಂದಾಗಿ ನಿಂತಾಗಿನ ಬಲ ಅದರಲ್ಲಿ ಕಾಣುತ್ತದೆ.

ಉಳಿದ ದಿನಗಳಿಗೂ ದಾರಿ ಇಲ್ಲದಿಲ್ಲ. 2021ರ ಜನವರಿಯಿಂದ ಇ-ವೇ ಬಿಲ್ಲಿಗೆ ಫಾಸ್ಟ್ಯಾಗ್ ಜೋಡಣೆಯಾಗಿದೆ. ಲಾರಿ ಯಾವ ಟೋಲ್ ದಾಟಿತೆಂದು ತೆರಿಗೆ ಅಧಿಕಾರಿ ಕೂತಲ್ಲೇ ನೋಡಬಹುದು. ಅದಕ್ಕಿಂತ ಮುಖ್ಯವಾದುದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮದ ತಿದ್ದುಪಡಿ. ಪೋರ್ಟಲ್‌ನಲ್ಲಿ ಪರಿಶೀಲಿಸಬಹುದಾದ ದಾಖಲೆಯನ್ನು ಕಾಗದದಲ್ಲಿ ಕೇಳುವಂತಿಲ್ಲ. ತಪಾಸಣೆ ಮಾಡಿದ ದಿನ, ಸಮಯ, ಅಧಿಕಾರಿಯ ಗುರುತು ಅಲ್ಲೇ ದಾಖಲಾಗಬೇಕು. ಒಂದೇ ಗಾಡಿಯನ್ನು ಮತ್ತೆ ಮತ್ತೆ ತಡೆಯಬಾರದೆಂದೇ ಈ ಏರ್ಪಾಡು.

ಈ ನಿಯಮವನ್ನು ಎಲ್ಲ ಇಲಾಖೆಗಳಿಗೂ ವಿಸ್ತರಿಸಬೇಕು. ಹಗ್ಗ ಎಲ್ಲಿ, ಎಷ್ಟು ಹೊತ್ತಿಗೆ, ಯಾರೆದುರು ಬಿಚ್ಚಿತೆಂಬುದು ಮುಂದಿನ ತಿರುವಿನಲ್ಲಿ ನಿಂತವರ ಮೊಬೈಲಿನಲ್ಲೂ ಕಾಣುವಂತಾದರೆ, ಕ್ಲೀನರ್ ಹುಡುಗ ಆ ರಾತ್ರಿ ಎರಡನೇ ಸಲ ಲಾರಿ ಹತ್ತಬೇಕಾಗುವುದಿಲ್ಲ.