ಕವಿಯನ್ನೇ ಎತ್ತಂಗಡಿ ಮಾಡಿದರು!

ಇಟಲಿಯ ಉತ್ತರ ತುದಿಯಲ್ಲಿ, ಆಸ್ಟ್ರಿಯಾದ ಗಡಿಗೆ ಅಂಟಿಕೊಂಡು ದಕ್ಷಿಣ ಟಿರೋಲ್ ಎಂಬ ಪ್ರಾಂತವಿದೆ. ಹಿಮದ ಬೆಟ್ಟ, ಸೇಬಿನ ತೋಟ, ಹಳೇ ಕೋಟೆ ಎಂದು ಪ್ರವಾಸಿಗಳು ಹೊಗಳುತ್ತಾರೆ. ನೀವು ಅಲ್ಲಿನ ಬೊಲ್ಜಾನೋ ಪಟ್ಟಣದ ಎರಡು ಕಲ್ಲುಗಳ ಕಥೆ ಕೇಳಿ.

ಒಂದು, ಹಳೆಯ ಜರ್ಮನ್ ಕವಿ ವಾಲ್ಟರ್‌ನ ಪ್ರತಿಮೆ. 1889ರಲ್ಲಿ ಊರ ಚೌಕದಲ್ಲಿ ನಿಲ್ಲಿಸಿದ್ದು. ಮೊದಲ ಮಹಾಯುದ್ಧ ಮುಗಿದು ಆ ನಾಡು ಇಟಲಿಯ ಪಾಲಾಯಿತು. ಮುಸೊಲಿನಿಯ ಸರ್ಕಾರ ಜರ್ಮನ್ ಶಾಲೆಗಳನ್ನು ಮುಚ್ಚಿಸಿತು, ಊರುಗಳ ಹೆಸರನ್ನೇ ಬದಲಿಸಿತು. ಮಕ್ಕಳು ಅಟ್ಟದಲ್ಲಿ, ನೆಲಮಾಳಿಗೆಯಲ್ಲಿ ಕದ್ದುಮುಚ್ಚಿ ತಾಯ್ನುಡಿ ಕಲಿತರು. 1935ರಲ್ಲಿ ಕವಿಯನ್ನೂ ಎತ್ತಿ ಯಾವುದೋ ಪಾರ್ಕಿಗೆ ಸಾಗಿಸಿದರು. ಆತ ಚೌಕಕ್ಕೆ ಮರಳಿದ್ದು 1981ರಲ್ಲಿ!

ಇನ್ನೊಂದು, 1928ರ ವಿಜಯ ಸ್ಮಾರಕ. ಉಳಿದವರಿಗೆ ಭಾಷೆ, ಕಾನೂನು, ಕಲೆ ಕಲಿಸಿದವರು ನಾವೇ ಎಂದು ಲ್ಯಾಟಿನ್‌ನಲ್ಲಿ ಅದರ ಮೇಲೆ ಕೆತ್ತಿದ್ದಾರೆ. ಎಂಥ ಸೊಕ್ಕು! ಅಚ್ಚುಮೊಳೆ ಜೋಡಿಸಿ ಬದುಕಿದ ನನಗೆ ಅದರ ಅರ್ಥ ತಿಳಿದಾಗ ಮೈ ಉರಿಯಿತು.

1972ರ ಸ್ವಾಯತ್ತತೆಯ ಶಾಸನ ಅವರ ಕೈಗೆ ಬಲ ಕೊಟ್ಟಿತು. ಇಂದು ಅಲ್ಲಿ ಸರ್ಕಾರಿ ನೌಕರಿ ಬೇಕೆಂದರೆ ಜರ್ಮನ್, ಇಟಾಲಿಯನ್ ಎರಡೂ ಬರಬೇಕು. ಪುಟ್ಟ ಲಾಡಿನ್ ನುಡಿಗೂ ಶಾಲೆಯಲ್ಲಿ ಜಾಗವಿದೆ. ಸ್ಮಾರಕವನ್ನು ಮಾತ್ರ ಕೆಡವಲಿಲ್ಲ. ನಾನಾಗಿದ್ದರೆ ಹಾರೆ ಹಿಡಿಯುತ್ತಿದ್ದೆ! ಅವರು 2014ರಲ್ಲಿ ಅದರ ಅಡಿಯಲ್ಲೇ ಪ್ರದರ್ಶನ ತೆರೆದು, ಕಟ್ಟಿಸಿದವರ ಬಣ್ಣ ಬಯಲು ಮಾಡಿದರು.