ಮರೆಗುಳಿ ಸೊಸೆ

ಒಲೆಯ ಮೇಲೆ ಹಾಲಿಟ್ಟು ಅವಳು ಅದರ ಮುಂದೆಯೇ ನಿಂತಿರುತ್ತಾಳೆ. ಆದರೂ ಹಾಲು ಉಕ್ಕಿ ಹೋಗುತ್ತದೆ. ಬಟ್ಟೆ ಮಡಚಲು ಕುಳಿತವಳು ಅರ್ಧಕ್ಕೇ ಎದ್ದು ಕಪಾಟು ಒರೆಸಲು ಹೋಗುತ್ತಾಳೆ. ಕಪಾಟಿನಲ್ಲಿ ಹಳೆಯ ಫೋಟೋ ಸಿಗುತ್ತದೆ. ಫೋಟೋ ನೋಡುತ್ತಾ ನಿಂತಾಗ ಕುಕ್ಕರ್ ಎಷ್ಟು ಸಲ ಕೂಗಿತೆಂಬುದು ಗೊತ್ತಾಗುವುದಿಲ್ಲ. ಸಂಜೆ ನೋಡಿದರೆ ಎಲ್ಲ ಕೆಲಸವೂ ಶುರುವಾಗಿದೆ, ಯಾವುದೂ ಮುಗಿದಿಲ್ಲ.

"ನಿನ್ನ ಗಮನ ಎಲ್ಲಿದೆ?" ಎಂದು ಅತ್ತೆ ಕೇಳುತ್ತಾರೆ. ಅದು ಅವಳಿಗೂ ಗೊತ್ತಿಲ್ಲ.

ನಮ್ಮ ಬೀದಿಯ ಈ ಸೊಸೆಯನ್ನು ನಾನು ಮದುವೆಯಾಗಿ ಬಂದ ದಿನದಿಂದ ಬಲ್ಲೆ. ಅವಳ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ. ಬಿ.ಎಸ್ಸಿ. ಓದಿದವಳು. ಮದುಮಗಳ ಕೈಗೆ ಮೆಹಂದಿ ಹಚ್ಚಲು ಕುಳಿತರೆ ಮೂರು ಗಂಟೆ ತಲೆ ಎತ್ತುವುದಿಲ್ಲ. ಅಂಥವಳಿಗೆ ಗಮನದ ತೊಂದರೆ ಇದೆ ಎಂದರೆ ಯಾರು ನಂಬುತ್ತಾರೆ? "ಬೇಕಾದ ಕೆಲಸಕ್ಕೆ ಗಮನ ಇದೆ, ಬೇಡದ್ದಕ್ಕೆ ಇಲ್ಲ" ಎಂದೇ ಎಲ್ಲರೂ ಆಡಿಕೊಂಡರು. ನಾನೂ ಎಷ್ಟೋ ಸಲ "ಸ್ವಲ್ಪ ಮನಸ್ಸಿಟ್ಟು ಮಾಡಮ್ಮಾ" ಎಂದು ಬುದ್ಧಿ ಹೇಳಿದ್ದೆ. ಆ ಮಾತನ್ನು ಇಂದು ನೆನೆದರೆ ನಾಚಿಕೆಯಾಗುತ್ತದೆ.

ಎರಡು ವರ್ಷದ ಹಿಂದೆ ಒಂದು ದಿನ ಶಾಲೆ ಬೇಗ ಬಿಡುವುದಿತ್ತು. ಚೀಟಿ ಅವಳೇ ಓದಿದ್ದಳು, ಸಹಿಯನ್ನೂ ಹಾಕಿದ್ದಳು. ಆದರೆ ಮರೆತಳು. ಆರು ವರ್ಷದ ಮಗ ಬಿಸಿಲಿನಲ್ಲಿ ಎರಡು ಗಂಟೆ ಶಾಲೆಯ ಗೇಟಿನ ಬಳಿ ಅಳುತ್ತಾ ನಿಂತಿದ್ದ. ಅಂದು ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. "ಮಗುವನ್ನು ಇವಳ ಕೈಗೆ ಬಿಡುವುದು ಹೇಗೆ? ಸ್ವಲ್ಪ ದಿನ ತವರಿಗೆ ಕಳಿಸಿ, ಬುದ್ಧಿ ಬರಲಿ" ಎಂಬಲ್ಲಿಗೆ ಮಾತು ಹೋಯಿತು. ಗಂಡನೂ ಸುಮ್ಮನಿದ್ದ. ರಾತ್ರಿ ನಮ್ಮ ಮನೆಗೆ ಬಂದು "ಆಪಾ, ನಾನು ಕೆಟ್ಟ ತಾಯಿಯಾ?" ಎಂದು ಕೇಳಿದಳು. ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಉತ್ತರ ಸಿಕ್ಕಿದ್ದು ಮರುವರ್ಷ, ಅದೇ ಮಗನಿಂದ. ಹುಡುಗ ತರಗತಿಯಲ್ಲಿ ಒಂದೆಡೆ ಕೂರುವುದಿಲ್ಲ ಎಂದು ಟೀಚರ್ ಹೇಳಿಕಳಿಸಿದ್ದರಿಂದ ಮನೋವೈದ್ಯರಲ್ಲಿಗೆ ಹೋದರು. ವೈದ್ಯೆ ಒಂದೊಂದೇ ಪ್ರಶ್ನೆ ಕೇಳಿದರು. ವಸ್ತುಗಳನ್ನು ಕಳೆದುಕೊಳ್ಳುತ್ತಾನಾ? ಹೇಳಿದ್ದನ್ನು ಕೇಳಿಸಿಕೊಂಡೂ ಮರೆಯುತ್ತಾನಾ? ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುತ್ತಾನಾ? ಉತ್ತರಿಸುತ್ತಾ ಹೋದವಳ ಕಣ್ಣು ತುಂಬಿ ಬಂತು. "ಡಾಕ್ಟರ್, ನೀವು ಕೇಳುತ್ತಿರುವುದು ನನ್ನ ಕಥೆ" ಎಂದಳು.

ವೈದ್ಯೆ ಅವಳ ಮಾತನ್ನು ತಳ್ಳಿಹಾಕಲಿಲ್ಲ. ಮೊದಲು ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ನಿದ್ದೆ ಹೇಗಿದೆ, ಮನಸ್ಸಿಗೆ ಬೇಸರವಿದೆಯೇ ಎಂದು ವಿಚಾರಿಸಿದರು. ಏಕೆಂದರೆ ಇವುಗಳಿಂದಲೂ ಮರೆವು ಬರುತ್ತದೆ. ಅವಳ ಅಮ್ಮೀಯನ್ನು ಕರೆಸಿ ಬಾಲ್ಯದ ಬಗ್ಗೆ ಕೇಳಿದರು. ಹಳೆಯ ಪ್ರಗತಿ ಪತ್ರಗಳನ್ನು ತರಿಸಿದರು. ಅವುಗಳಲ್ಲಿ ವರ್ಷ ವರ್ಷವೂ ಒಂದೇ ಮಾತು: ಬುದ್ಧಿವಂತೆ, ಆದರೆ ಗಮನ ಸಾಲದು. ಕೊನೆಗೆ ಮಗನಿಗಿದ್ದ ತೊಂದರೆಯೇ ತಾಯಿಗೂ ಇದೆ ಎಂದು ತಿಳಿಯಿತು. ಆಗ ಅವಳಿಗೆ ಮೂವತ್ನಾಲ್ಕು ವರ್ಷ.

ಇದಕ್ಕೆ ಎ.ಡಿ.ಎಚ್.ಡಿ. ಎನ್ನುತ್ತಾರೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು. ಮೆದುಳು ಬೆಳೆಯುವ ಬಗೆಯಲ್ಲಿನ ವ್ಯತ್ಯಾಸವಿದು. ಸೋಮಾರಿತನವೂ ಅಲ್ಲ, ಹುಚ್ಚೂ ಅಲ್ಲ. ವಂಶದಲ್ಲಿ ಹರಿದು ಬರುವ ಸಾಧ್ಯತೆ ಹೆಚ್ಚು. ಮಗುವನ್ನು ವೈದ್ಯರಿಗೆ ತೋರಿಸಲು ಹೋದಾಗ ತನ್ನದೂ ಇದೇ ತೊಂದರೆ ಎಂದು ತಾಯಿಗೆ ಗೊತ್ತಾಗುವುದು ಅಪರೂಪವೇನಲ್ಲ.

ಇಷ್ಟು ತಡವಾಗಿ ಏಕೆ ಗೊತ್ತಾಗುತ್ತದೆ? ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಅವರು ವಿವರಿಸಿದವರಲ್ಲಿ ಹೆಚ್ಚಿನವರು ಹುಡುಗರು. ಆಮೇಲೂ ಬಹಳ ಕಾಲ ಇದು ತುಂಟ ಹುಡುಗರ ಕಾಯಿಲೆ ಎಂದೇ ಉಳಿಯಿತು. ಹುಡುಗ ಬೆಂಚು ಹತ್ತಿ ಕುಣಿದರೆ ಶಾಲೆಗೆಲ್ಲ ತಿಳಿಯುತ್ತದೆ. ಹುಡುಗಿ ಹಿಂದಿನ ಬೆಂಚಿನಲ್ಲಿ ಕಿಟಕಿಯಾಚೆ ನೋಡುತ್ತಾ ಕುಳಿತರೆ ಯಾರಿಗೂ ತೊಂದರೆಯಿಲ್ಲ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಕುಣಿದಾಟವಿಲ್ಲದೆಯೂ ಗಮನದ ಕೊರತೆ ಇರಬಹುದು ಎಂಬುದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸೇರಿದ್ದು 1980ರಲ್ಲಿ. 2013ರ ಆವೃತ್ತಿಯಲ್ಲಿ ದೊಡ್ಡವರಿಗೆಂದು ನಿಯಮವನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು. ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ಇರಬೇಕು, ಬದುಕಿಗೆ ತೊಡಕಾಗಿರಬೇಕು. ಆದ್ದರಿಂದ ಬೀಗದ ಕೈ ಮರೆಯುವವರಿಗೆಲ್ಲ ಈ ತೊಂದರೆ ಇದೆ ಎಂದು ಭಾವಿಸಬೇಡಿ.

ಗೃಹಿಣಿಗೆ ಇದರಿಂದ ಆಗುವ ಕಷ್ಟ ದೊಡ್ಡದು. ಶಾಲೆಯಲ್ಲಿ ಬೆಲ್ ಇತ್ತು, ವೇಳಾಪಟ್ಟಿ ಇತ್ತು. ಮನೆಯಲ್ಲಿ ಅದೊಂದೂ ಇಲ್ಲ. ಯಾರಿಗೆ ಯಾವ ಹೊತ್ತಿಗೆ ಮಾತ್ರೆ, ಯಾವಾಗ ಕರೆಂಟ್ ಬಿಲ್, ಅಕ್ಕಿ ಎಷ್ಟು ಉಳಿದಿದೆ, ಯಾರ ಮನೆಯ ನಿಕಾಹ್ ಎಂದು, ಎಲ್ಲವನ್ನೂ ಒಬ್ಬಳ ತಲೆಯೇ ಹಿಡಿದಿಡಬೇಕು. ಯಾವ ಶಕ್ತಿ ಕಡಿಮೆಯಿದೆಯೋ ಅದನ್ನೇ ಮನೆಗೆಲಸ ದಿನವಿಡೀ ಕೇಳುತ್ತದೆ. ರಮಝಾನಿನಲ್ಲಂತೂ ಸಹರಿಗೆಂದು ನಿದ್ದೆ ಕೆಡುತ್ತದೆ, ಗಮನ ಇನ್ನಷ್ಟು ಚದುರುತ್ತದೆ. ಎಷ್ಟು ರಕಅತ್ ಆಯಿತೆಂದು ಮರೆತಾಗಲೆಲ್ಲ ತನ್ನ ಈಮಾನೇ ದುರ್ಬಲ ಎಂದು ಅವಳು ಅಳುತ್ತಿದ್ದಳಂತೆ. ವರ್ಷಗಟ್ಟಲೆ "ನಾನೇ ಸರಿಯಿಲ್ಲ" ಎಂದು ನಂಬಿದವಳ ಮನಸ್ಸು ಖಿನ್ನತೆಗೆ ಜಾರುವುದೂ ಉಂಟು.

ಈಗ ಅವಳು ವೈದ್ಯೆಯ ಸಲಹೆಯಂತೆ ಔಷಧ ತೆಗೆದುಕೊಳ್ಳುತ್ತಿದ್ದಾಳೆ. ಎಲ್ಲರಿಗೂ ಔಷಧ ಬೇಕಾಗುವುದಿಲ್ಲ, ಅದನ್ನು ಮನೋವೈದ್ಯರೇ ನಿರ್ಧರಿಸಬೇಕು. ಗರ್ಭಿಣಿಯರು, ಹಾಲೂಡಿಸುವವರು, ಉಪವಾಸ ಹಿಡಿಯುವವರು ಮೊದಲೇ ಹೇಳಿ ಕೇಳಿಕೊಳ್ಳಬೇಕು. ಮಾತ್ರೆಯ ಹೊತ್ತನ್ನು ತಾವಾಗಿಯೇ ಬದಲಿಸಬಾರದು.

ಔಷಧದಷ್ಟೇ ನೆರವಾದದ್ದು ಮನೆಯಲ್ಲಿ ಮಾಡಿಕೊಂಡ ಸಣ್ಣ ಬದಲಾವಣೆಗಳು. ಬಾಗಿಲ ಬಳಿ ಒಂದು ಬಟ್ಟಲು, ಬೀಗದ ಕೈ ಅಲ್ಲಿಯೇ. ಫ್ರಿಜ್ಜಿಗೆ ದಾರ ಕಟ್ಟಿದ ಒಂದೇ ಪುಸ್ತಕ, ನೆನಪಿಡಬೇಕಾದದ್ದೆಲ್ಲ ಅದರಲ್ಲಿ. ಶಾಲೆ ಬಿಡುವ ಹೊತ್ತಿಗೆ ಮೊಬೈಲಿನಲ್ಲಿ ಎರಡು ಅಲಾರಂ. ಹಾಲಿಗೆ ಸೀಟಿ ಊದುವ ಕುಕ್ಕರ್. ಬಿಲ್ಲುಗಳ ಕೆಲಸವನ್ನು ಗಂಡ ವಹಿಸಿಕೊಂಡಿದ್ದಾನೆ. ಒಮ್ಮೆಗೆ ನಾಲ್ಕು ಕೆಲಸ ಹೇಳುತ್ತಿದ್ದವನು ಈಗ ಒಂದೊಂದೇ ಹೇಳುತ್ತಾನೆ. ಜೊತೆಗೆ ಯಾರಾದರೂ ಕುಳಿತಿದ್ದರೆ ಕೆಲಸ ಮುಗಿಸುವುದು ಸುಲಭ ಎಂದು ಅವಳೇ ಕಂಡುಕೊಂಡಳು. ಹಾಗಾಗಿ ಅವಳು ಬಟ್ಟೆ ಮಡಚುವಾಗ ಅತ್ತೆ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂರುತ್ತಾರೆ.

ಅತ್ತೆ ಒಂದೇ ದಿನದಲ್ಲಿ ಬದಲಾಗಲಿಲ್ಲ. ಈಗಲೂ ಒಮ್ಮೊಮ್ಮೆ ಗೊಣಗುತ್ತಾರೆ. ಆದರೆ ಮೊನ್ನೆ ನನ್ನೊಡನೆ ಹೇಳಿದರು: "ನಮಾಝಿನಲ್ಲಿ ಮರೆತವರಿಗೂ ಸಜ್ದಾ ಸಹ್ವ್ ಮಾಡಿ ಸರಿಪಡಿಸಿಕೊಳ್ಳಲು ಅವಕಾಶ ಇದೆ. ನಾನು ಮಾತ್ರ ಇವಳಿಗೆ ಹತ್ತು ವರ್ಷ ಯಾವ ಅವಕಾಶವನ್ನೂ ಕೊಡಲಿಲ್ಲ."

ಸಹೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಮಗಳು, ಸೊಸೆ, ನಾದಿನಿ ಇರಬಹುದು. ನೀವೇ ಆಗಿರಲೂಬಹುದು. ಬೈಯುವ ಮುನ್ನ ಒಮ್ಮೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲೂ ವಿಚಾರಿಸಬಹುದು. ಅಷ್ಟು ದೂರ ಹೋಗಲು ಹಿಂಜರಿಕೆಯಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಆ ರಾತ್ರಿ ಅವಳು ಕೇಳಿದ ಪ್ರಶ್ನೆಗೆ ನಾನು ಈಗ ಉತ್ತರ ಕೊಟ್ಟಿದ್ದೇನೆ. ಇಲ್ಲಮ್ಮಾ, ನೀನು ಕೆಟ್ಟ ತಾಯಿಯಲ್ಲ. ನಾವು ತಿಳಿದುಕೊಳ್ಳಲು ತಡ ಮಾಡಿದೆವು.