ಗುಲಾಬಿ ಬೋಗುಣಿಯ ಆಟ



ಪ್ರತಿ ತಿಂಗಳೂ ಮನೆಯ ಜಗಲಿಯ ಮೇಲೆ ಕುಳಿತು ಬರೆಯುವವನು ಈ ಸಲ ಬಹು ದೂರದ ಒಂದು ಅಂಗಳದ ಸಮಾಚಾರವನ್ನು ಬರೆಯುತ್ತಿದ್ದೇನೆ. ೨೦೨೪ನೆಯ ಇಸವಿಯ ಜನವರಿ ೧ನೆಯ ತಾರೀಖಿನಂದು ನಾನು ಕ್ಯಾಲಿಫೋರ್ನಿಯದ ಪಾಸಡೀನ ಪಟ್ಟಣದಲ್ಲಿ ನನ್ನ ಮಗನೊಡನೆ ಒಂದು ಕಾಲೇಜು ಫುಟ್‌ಬಾಲ್ ಪಂದ್ಯವನ್ನು ನೋಡಿದೆನು. ಅವನು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದಿದವನು. ಅಂದು ಆಡಿದುದು ಆ ವಿಶ್ವವಿದ್ಯಾನಿಲಯದ ತಂಡವೂ ಅಲಬಾಮ ವಿಶ್ವವಿದ್ಯಾನಿಲಯದ ತಂಡವೂ. ಹೊರಡುವಾಗ ಮಗನು ಹಳದಿ ಮತ್ತು ನೀಲಿ ಬಣ್ಣದ ಒಂದು ಟೋಪಿಯನ್ನು ನನ್ನ ತಲೆಗೆ ಇಟ್ಟನು. ನಾನು ಅದನ್ನು ಬಿಸಿಲಿಗಾಗಿ ಇಟ್ಟುಕೊಂಡೆನೆಂದೇ ತಿಳಿದಿದ್ದೆನು.

ನಾವು ಫುಟ್‌ಬಾಲ್ ಎನ್ನುವುದು ಬೇರೆ, ಅಮೆರಿಕದವರು ಹಾಗೆನ್ನುವುದು ಬೇರೆ. ಅವರ ಚೆಂಡು ಎರಡು ತುದಿಗಳಲ್ಲಿಯೂ ಚೂಪಾದುದು. ಅದು ಕಾಲಿಗಿಂತ ಕೈಯಲ್ಲಿಯೇ ಹೆಚ್ಚಾಗಿರುತ್ತದೆ. ಕಡೆಗೆ ಹನ್ನೊಂದು ಮಂದಿ. ಅಂಗಳದ ಉದ್ದವು ನೂರು ಗಜ. ಚೆಂಡನ್ನು ಹಿಡಿದ ಕಡೆಯವರು ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗಳದಾಗುವುದು. ಎದುರಾಳಿಗಳ ಗೆರೆಯನ್ನು ದಾಟಿಸಿದರೆ ಆರು ಅಂಕಗಳು, ಬಳಿಕ ಕಂಬಗಳ ನಡುವೆ ಒದ್ದರೆ ಇನ್ನೊಂದು. ಅಂಗಳದಿಂದಲೇ ಕಂಬಗಳ ನಡುವೆ ಒದ್ದರೆ ಮೂರು. ಚೆಂಡನ್ನು ಹಿಡಿದವನು ತನ್ನ ಗೆರೆಯ ಹಿಂದೆಯೇ ಸಿಕ್ಕಿಬಿದ್ದರೆ ಎದುರಾಳಿಗಳಿಗೆ ಎರಡು. ಈ ಎರಡು ಅಂಕಗಳ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಪಾಸಡೀನದವರು ತಮ್ಮ ಊರಿನಲ್ಲಿ ಚಳಿಗಾಲದಲ್ಲಿಯೂ ಹೂವು ಅರಳುವುದನ್ನು ಲೋಕಕ್ಕೆ ತೋರಿಸಬೇಕೆಂದು ೧೮೯೦ರಲ್ಲಿ ಹೊಸ ವರುಷದ ದಿನ ಹೂವಿನ ಮೆರವಣಿಗೆಯೊಂದನ್ನು ಪ್ರಾರಂಭಿಸಿದರು. ೧೯೦೨ರಲ್ಲಿ ಅದಕ್ಕೆ ಫುಟ್‌ಬಾಲ್ ಪಂದ್ಯವು ಸೇರಿತು. ಆ ಮೊದಲನೆಯ ಪಂದ್ಯದಲ್ಲಿ ಇದೇ ಮಿಷಿಗನ್ ತಂಡವು ಸ್ಟ್ಯಾನ್‌ಫರ್ಡ್ ತಂಡವನ್ನು ೪೯ಕ್ಕೆ ೦ಯಂತೆ ಸೋಲಿಸಿತು. ಇಷ್ಟು ಏಕಪಕ್ಷವಾದ ಆಟವನ್ನು ನೋಡಿ ಬೇಸತ್ತರೋ ಏನೋ, ಊರಿನವರು ಫುಟ್‌ಬಾಲನ್ನು ಕೈಬಿಟ್ಟು ಕೆಲವು ಕಾಲ ರಥಗಳ ಓಟವನ್ನು ನಡೆಸಿದರು. ೧೯೧೬ರಿಂದ ಮತ್ತೆ ಫುಟ್‌ಬಾಲೇ ನಿಂತಿತು. ೧೯೨೨ರಲ್ಲಿ ಬೆಟ್ಟದ ತಪ್ಪಲಿನ ಒಂದು ಕೊರಕಲಿನಲ್ಲಿ ದೊಡ್ಡ ಕ್ರೀಡಾಂಗಣವನ್ನು ಕಟ್ಟಿದರು. ಅದರ ಆಕಾರವು ಬೋಗುಣಿಯಂತಿರುವುದರಿಂದ ಅದಕ್ಕೆ ರೋಜ್ ಬೌಲ್, ಎಂದರೆ ಗುಲಾಬಿಯ ಬೋಗುಣಿ, ಎಂಬ ಹೆಸರಾಯಿತು. ಋತುವು ಮುಗಿದ ಮೇಲೆ ಉತ್ತಮ ತಂಡಗಳನ್ನು ಕರೆಯಿಸಿ ಬೇರೆ ಊರುಗಳಲ್ಲಿ ನಡೆಸುವ ಪಂದ್ಯಗಳಿಗೂ ಬೌಲ್ ಎಂಬ ಹೆಸರೇ ರೂಢಿಗೆ ಬಂದಿತು.

ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಆಟವು ಮೊದಲಾಯಿತು. ಬೋಗುಣಿಯಲ್ಲಿ ೯೬,೩೭೧ ಮಂದಿ ಪ್ರೇಕ್ಷಕರು. ಒಂದು ಕಡೆ ಹಳದಿ ನೀಲಿ, ಇನ್ನೊಂದು ಕಡೆ ಕಡುಗೆಂಪು. ಎರಡು ವಿಶ್ವವಿದ್ಯಾನಿಲಯಗಳ ವಾದ್ಯಮೇಳಗಳೂ ಬಂದಿದ್ದುವು. ತಲೆ ನರೆತವರು ಎಳೆಯ ವಿದ್ಯಾರ್ಥಿಗಳೊಡನೆ ಎದ್ದು ನಿಂತು ತಾವು ಓದಿದ ಶಾಲೆಯ ಹಾಡನ್ನು ಹಾಡಿದರು. ಅಧ್ಯಾಪಕನಾಗಿದ್ದ ನನಗೆ ಇದನ್ನು ಕಂಡು ಸಂತೋಷವೂ, ನಿಜವನ್ನು ಹೇಳಬೇಕಾದರೆ ಸ್ವಲ್ಪ ಅಸೂಯೆಯೂ ಆಯಿತು.

ನಾನು ಕುಳಿತು ಅರ್ಧ ಗಳಿಗೆಯಾಗಿದ್ದಿತೋ ಇಲ್ಲವೋ, ಅಲಬಾಮದವರು ಚೆಂಡನ್ನು ಎತ್ತರಕ್ಕೆ ಒದ್ದರು. ಅದನ್ನು ಹಿಡಿಯಲು ನಿಂತಿದ್ದ ಮಿಷಿಗನ್ನಿನ ಹುಡುಗನ ಕೈಯಿಂದ ಚೆಂಡು ಜಾರಿತು. ಎದುರಾಳಿಗಳು ಅದರ ಮೇಲೆ ಬಿದ್ದು ಅದನ್ನು ತಮ್ಮದಾಗಿ ಮಾಡಿಕೊಂಡರು. ಸ್ವಲ್ಪ ಹೊತ್ತಿನಲ್ಲಿಯೇ ಅವರಿಗೆ ಏಳು ಅಂಕಗಳು ಬಂದುವು. ಆಗ ನನ್ನ ಬಾಯಿಂದ ಅಚ್ಚ ಕನ್ನಡದಲ್ಲಿ, “ಅಯ್ಯೋ ದಂಡಪಿಂಡ! ಇವನನ್ನು ಯಾರಯ್ಯಾ ನಿಲ್ಲಿಸಿದವರು?” ಎಂಬ ಕೂಗು ಹೊರಟಿತು. ಸುತ್ತಲಿನವರಿಗೆ ಅದರ ಅರ್ಥವಾಗಲಿಲ್ಲ. ಮಗನಿಗೆ ಆಯಿತು. ಅವನು ಮೆಲ್ಲನೆ, “ಅಪ್ಪಾ, ಅವನು ಮೊದಲನೆಯ ವರ್ಷದ ಹುಡುಗ,” ಎಂದನು.

ಟೋಪಿಯು ಬಿಸಿಲಿಗಾಗಿ ಬಂದುದಲ್ಲವೆಂಬುದು ಆಗ ನನಗೆ ತಿಳಿಯಿತು. ಅಭಿಮಾನವೆಂಬ ಮಾತು ವಿಚಿತ್ರವಾದುದು. ಕನ್ನಡದಲ್ಲಿ ನಾವು ಅದನ್ನು ಪ್ರೀತಿಯ ಅರ್ಥದಲ್ಲಿ ಬಳಸುತ್ತೇವೆ. ಆಟಗಾರನನ್ನು ಮೆಚ್ಚುವವನು ಅವನ ಅಭಿಮಾನಿ. ಆದರೆ ಸಾಂಖ್ಯಶಾಸ್ತ್ರದಲ್ಲಿ ಅಭಿಮಾನವೆಂಬುದು ಅಹಂಕಾರದ ವೃತ್ತಿ. ನಾನಲ್ಲದುದರಲ್ಲಿ ನಾನೆಂಬ, ನನ್ನದಲ್ಲದುದರಲ್ಲಿ ನನ್ನದೆಂಬ ಭಾವನೆ. ನಾನು ಓದದ ಶಾಲೆ, ನಾನು ಆಡದ ಆಟ, ಹೆಸರು ತಿಳಿಯದ ಹುಡುಗ. ಆದರೂ ಅವನ ಕೈಯಿಂದ ಚೆಂಡು ಜಾರಿದಾಗ ನನ್ನ ಮಾನವೇ ಜಾರಿತೆಂದು ನಾನು ಕೂಗಿದೆನು. ಎರಡು ಅರ್ಥಗಳೂ ಒಂದೇ ಟೋಪಿಯೊಳಗೆ ಇದ್ದುವು.

ಅರ್ಧ ಆಟವು ಮುಗಿದು ವಿರಾಮವಾದಾಗ ಮಗನು ಅದೇ ಅಂಗಳದ ಒಂದು ಹಳೆಯ ಕಥೆಯನ್ನು ಹೇಳಿದನು. ೧೯೨೯ನೆಯ ಇಸವಿಯ ಜನವರಿ ೧ರಂದು ಅಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೂ ಜಾರ್ಜಿಯ ಟೆಕ್ ತಂಡಕ್ಕೂ ಪಂದ್ಯವಾಯಿತು. ಎದುರಾಳಿಯ ಕೈಯಿಂದ ಬಿದ್ದ ಚೆಂಡನ್ನು ಕ್ಯಾಲಿಫೋರ್ನಿಯದ ರಾಯ್ ರೀಗಲ್ಸ್ ಎಂಬ ತರುಣನು ಎತ್ತಿಕೊಂಡು, ನೂಕುನುಗ್ಗಲಿನಲ್ಲಿ ದಿಕ್ಕು ತಪ್ಪಿ, ಸುಮಾರು ೬೫ ಗಜ ದೂರ ತನ್ನ ಗೆರೆಯ ಕಡೆಗೇ ಓಡಿದನು. ಅವನ ಪಕ್ಷದವನೇ ಹಿಂದಿನಿಂದ ಓಡಿಹೋಗಿ ಅವನನ್ನು ತಡೆಯಬೇಕಾಯಿತು. ಅಷ್ಟರಲ್ಲಿ ಎದುರಾಳಿಗಳು ಅವನನ್ನು ಗೆರೆಯ ಬಳಿಯಲ್ಲಿ ಕೆಡವಿದರು. ಆ ಇಕ್ಕಟ್ಟಿನಿಂದ ಪಾರಾಗಲು ಕ್ಯಾಲಿಫೋರ್ನಿಯದವರು ಒದ್ದ ಚೆಂಡು ತಡೆಯಲ್ಪಟ್ಟು, ನಾನು ಮೇಲೆ ಹೇಳಿದ ಎರಡು ಅಂಕಗಳು ಜಾರ್ಜಿಯದವರಿಗೆ ದೊರೆತುವು. ಕಡೆಯಲ್ಲಿ ಅವರು ಗೆದ್ದುದು ೮ಕ್ಕೆ ೭ರಂತೆ.

ವಿರಾಮದಲ್ಲಿ ರೀಗಲ್ಸನು ತಾನು ಇನ್ನು ಆಡಲಾರೆನೆಂದು ದುಃಖಿಸಿದನಂತೆ. ಶಿಕ್ಷಕನು ಅವನನ್ನು ಜರೆಯಲಿಲ್ಲ. ಆಟವು ಇನ್ನೂ ಅರ್ಧ ಉಳಿದಿದೆ, ಹೋಗಿ ಆಡು ಎಂದು ಕಳುಹಿಸಿದನು. ಅವನು ಹೋಗಿ ಚೆನ್ನಾಗಿಯೇ ಆಡಿದನು. ಎದುರಾಳಿಗಳು ಒದ್ದ ಚೆಂಡೊಂದನ್ನು ತಡೆದನು. ಮುಂದಿನ ಋತುವಿನಲ್ಲಿ ಅದೇ ತಂಡಕ್ಕೆ ನಾಯಕನಾಗಿ ಆಡಿದವನೂ ಅವನೇ.

ಮಗನು ಇದನ್ನು ವಿನೋದಕ್ಕಾಗಿ ಹೇಳಿದನು. ನನಗೆ ನಗೆ ಬರಲಿಲ್ಲ. ಮೂವತ್ತು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಒಬ್ಬ ಹುಡುಗನಿದ್ದನು. ಅಂತರಶಾಲಾ ಕಬಡ್ಡಿ ಪಂದ್ಯದ ಕೊನೆಯ ಸರದಿಯಲ್ಲಿ ಅವನು ಎದುರಾಳಿಯನ್ನು ಮುಟ್ಟಿ ಹಿಂದಿರುಗುತ್ತಿದ್ದಾಗ, ನಡುಗೆರೆಯು ಎರಡು ಗೇಣು ದೂರವಿರುವಾಗಲೇ ಉಸಿರು ಕಡಿದುಹೋಯಿತು. ನಾವು ಸೋತೆವು. ಮರುದಿನ ನಾನು ತರಗತಿಯಲ್ಲಿ ಸಂಧಿಯ ಪಾಠವನ್ನು ಮಾಡುತ್ತ, ಅವನನ್ನು ಎಬ್ಬಿಸಿ ನಿಲ್ಲಿಸಿ, “ನಿನಗೆ ಸಂಧಿಗಿಂತ ಮೊದಲು ಪ್ರಾಣಾಯಾಮವನ್ನು ಕಲಿಸಬೇಕಾಗಿತ್ತು,” ಎಂದೆನು. ತರಗತಿಯು ಗೊಳ್ಳೆಂದು ನಕ್ಕಿತು. ನನ್ನ ಮಾತಿನ ಚಾತುರ್ಯಕ್ಕೆ ನಾನೂ ನಕ್ಕೆನು. ಅಂದಿನಿಂದ ಶಾಲೆಯನ್ನು ಬಿಡುವವರೆಗೆ ಹುಡುಗರು ಅವನನ್ನು ಪ್ರಾಣಾಯಾಮನೆಂದೇ ಕರೆದರು. ಅವನು ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಶಾಲೆಯ ಮೇಲಿನ ಅಭಿಮಾನದಿಂದ ಆಡಿದ ಮಾತೆಂದು ನಾನು ಬಹು ಕಾಲ ಸಮಾಧಾನ ಮಾಡಿಕೊಂಡಿದ್ದೆನು. ಅಲ್ಲಿ ಶಿಕ್ಷಕನು ಹುಡುಗನನ್ನು ಅಂಗಳಕ್ಕೆ ಕಳುಹಿಸಿದನು. ಇಲ್ಲಿ ಶಿಕ್ಷಕನೇ ಹುಡುಗನನ್ನು ಅಂಗಳದಿಂದ ಅಟ್ಟಿದನು.

ಆಟವು ಮತ್ತೆ ಮೊದಲಾಯಿತು. ಕೊನೆಯ ಪಾದದಲ್ಲಿ ಅಲಬಾಮದವರು ೨೦ಕ್ಕೆ ೧೩ರಂತೆ ಮುಂದಿದ್ದರು. ಇನ್ನು ೧ ನಿಮಿಷ ೩೪ ಸೆಕೆಂಡುಗಳು ಉಳಿದಿರುವಾಗ ಮಿಷಿಗನ್ನಿನವರು ಗೆರೆಯನ್ನು ದಾಟಿ ಸಮಮಾಡಿದರು. ಆ ಬಳಿಕ ಕೊನೆಯ ನಿಮಿಷದಲ್ಲಿ ಅಲಬಾಮದವರು ಮತ್ತೆ ಚೆಂಡನ್ನು ಎತ್ತರಕ್ಕೆ ಒದ್ದರು. ಅದನ್ನು ಹಿಡಿಯಲು ನಿಂತವನು ಬೇರೊಬ್ಬನು. ಅವನ ಕೈಯಿಂದಲೂ ಚೆಂಡು ಜಾರಿ ಹಿಂದಕ್ಕೆ ಉರುಳಿತು. ಅವನು ಹಿಂದಕ್ಕೆ ಓಡಿ ಗೆರೆಯ ಅಂಚಿನಲ್ಲಿಯೇ ಅದನ್ನು ಹಿಡಿದು ಬಿದ್ದನು. ೧೯೨೯ರ ಆ ಎರಡು ಅಂಕಗಳು ನನಗೆ ನೆನಪಾದುವು. ಈ ಸಲ ನಾನು ಕೂಗಲಿಲ್ಲ. ಏನು ಹೇಳಬೇಕೆಂದು ತೋಚದೆ, “ಏಳಪ್ಪಾ, ಏಳು,” ಎಂದಷ್ಟೇ ಅಂದೆನಂತೆ. ಮಗನು ಆಮೇಲೆ ಹೇಳಿದನು.

ಹೆಚ್ಚಿನ ಸರದಿಯಲ್ಲಿ ಮಿಷಿಗನ್ನಿನವರು ಏಳು ಅಂಕಗಳನ್ನು ಗಳಿಸಿದರು. ಅಲಬಾಮದವರ ನಾಲ್ಕನೆಯ ಯತ್ನವು ಗೆರೆಗೆ ಮುಂಚೆಯೇ ತಡೆಯಲ್ಪಟ್ಟಿತು. ೨೭ಕ್ಕೆ ೨೦ರಂತೆ ಆಟವು ಮುಗಿಯಿತು. ಹಳದಿ ನೀಲಿಯವರ ಉತ್ಸಾಹವನ್ನು ವರ್ಣಿಸಲಾರೆನು. ಆದರೆ ನಮ್ಮ ಮುಂದಿನ ಸಾಲಿನಲ್ಲಿ ಕೆಂಪು ಅಂಗಿಯ ವೃದ್ಧ ದಂಪತಿಗಳು, ಸೋತ ಹುಡುಗರು ಒಳಗೆ ಹೋಗುವವರೆಗೂ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆ ಹುಡುಗರಿಗೆ ಅದು ಕೇಳಿಸುವಂತಿರಲಿಲ್ಲ. ಆದರೂ ತಟ್ಟಿದರು. ಗೆದ್ದವರ ಮೇಲಿನ ಅಭಿಮಾನಕ್ಕೆ ಟೋಪಿಯೊಂದು ಸಾಕು. ಕೈ ಜಾರಿದವನನ್ನು ಆ ಕ್ಷಣದಲ್ಲಿ ನಮ್ಮವನೆಂದು ಹೇಳಬಲ್ಲೆವೋ ಇಲ್ಲವೋ ಎಂಬುದರಲ್ಲಿಯೇ ಅದು ಪ್ರೀತಿಯೋ ಅಹಂಕಾರವೋ ಎಂಬುದು ಗೊತ್ತಾಗುತ್ತದೆ.

ಊರಿಗೆ ಬಂದ ಮೇಲೆ ಆ ಹಳೆಯ ವಿದ್ಯಾರ್ಥಿಯ ವಿಳಾಸವನ್ನು ಹುಡುಕಿಸಿ ಅವನಿಗೆ ಒಂದು ಕಾಗದವನ್ನು ಬರೆದೆನು. ತಪ್ಪಾಯಿತೆಂಬ ಮಾತನ್ನು ಮೊದಲನೆಯ ಸಾಲಿನಲ್ಲಿಯೇ ಇಟ್ಟೆನು. ಚಾತುರ್ಯದ ಮಾತು ಒಂದನ್ನೂ ಸೇರಿಸಲಿಲ್ಲ. ಉತ್ತರವು ಇದುವರೆಗೆ ಬಂದಿಲ್ಲ. ಬರಲೇಬೇಕೆಂಬ ಹಕ್ಕು ನನಗಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಮಗುವೂ ಒಂದು ಸಂಜೆ ಪಂದ್ಯವನ್ನೋ ಪರೀಕ್ಷೆಯನ್ನೋ ಸೋತು ಬರುವುದು. ಅದು ತನ್ನ ತಪ್ಪನ್ನು ನಿಮಗಿಂತ ಚೆನ್ನಾಗಿ ಬಲ್ಲುದು. ಕಾಲು ತೊಳೆಯಲು ನೀರು ಕೊಡಿರಿ, ಊಟಕ್ಕೆ ಬಡಿಸಿರಿ. ನಾಳೆ ಎಷ್ಟು ಗಂಟೆಗೆ ಆಟವೆಂದು ಕೇಳಿರಿ. ಬೇರೆ ಬುದ್ಧಿವಾದವನ್ನು ಬೇಕಾದರೆ ಮುಂದಿನ ವಾರ ಹೇಳಬಹುದು.